ಆರನೆಯ ಬಾಟಲಿ

ಮೈಸೂರು
18 ಅಕ್ಟೋಬರ್ 2024

ಅಪ್ಪನಿಗೆ ಕೋಮಲಳ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅಮ್ಮ ಎತ್ತಿದರೆ ‘ಕಾಲುವೆ ಕಡೆ ಹೋಗವ್ರೆ’ ಅನ್ನುತ್ತಾಳೆ, ಹಿಂದೆ ನಿಮ್ಮ ಕೆಮ್ಮು ಕೇಳಿಸುತ್ತಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಬಿಡಿಸಿಕೊಂಡ ಈ ಥರ್ಮಾಕೋಲ್ ಡಬ್ಬಿಯನ್ನು ಹಟ್ಟಿಯ ಮೂಲೆಗೆ ತಳ್ಳುವ ಮೊದಲು ದಯವಿಟ್ಟು ಪೂರ್ತಿ ಓದಿ.

ಡಬ್ಬಿಯಲ್ಲಿ ಆರು ಬಾಟಲಿಗಳಿವೆ. ಒಂದರಿಂದ ಐದರವರೆಗಿನವು ಖಾಲಿ. ನಮ್ಮ ಹೊಳೆಯ ಕಟ್ಟೆಯ ಕೆಳಗೆ ಮಡು ಇದೆಯಲ್ಲ, ಅಲ್ಲಿ ಐದು ಕಡೆ ಒಂದೊಂದು ಬಾಟಲಿ ನೀರು ತುಂಬಬೇಕು. ಆರನೆಯದರಲ್ಲಿ ನಮ್ಮ ಲ್ಯಾಬಿನ ಶುದ್ಧ ನೀರಿದೆ. ಅದನ್ನು ಹೊಳೆಯ ದಡದಲ್ಲಿ ಮುಚ್ಚಳ ತೆಗೆದು, ಅರವತ್ತು ಎಣಿಸಿ, ಮತ್ತೆ ಮುಚ್ಚಿ ಹಾಗೇ ವಾಪಸ್ ಕಳಿಸಬೇಕು. ಕೈಗವಸು ಇಟ್ಟಿದ್ದೇನೆ, ಹಾಕಿಕೊಳ್ಳದೆ ಮುಟ್ಟಬೇಡಿ. ಬೇಲೂರಿನಲ್ಲಿ ಐಸ್ ತುಂಬಿಸಿ ಮೈಸೂರು ಬಸ್ಸಿಗೆ ಹಾಕಿದರೆ ಸಂಜೆ ನಾನು ಇಳಿಸಿಕೊಳ್ಳುತ್ತೇನೆ.

ಇದೆಲ್ಲ ಯಾಕೆ ಅಂತ ಹೇಳುತ್ತೇನೆ. ಯಾವ ಜೀವಿ ನೀರಿಗೆ ಇಳಿದರೂ ತನ್ನದೇನಾದರೂ ಬಿಟ್ಟೇ ಹೋಗುತ್ತದೆ. ಚರ್ಮದ ಒಂದು ಪುಡಿ, ಒಂದಿಷ್ಟು ಜೊಲ್ಲು, ಒಂದು ತೊಟ್ಟು ಮೂತ್ರ. ಆ ಪುಡಿಯೊಳಗೆ ಡಿಎನ್‌ಎ ಇರುತ್ತದೆ. ಅದು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಎಮ್ಮೆಗೊಂದು, ಕಪ್ಪೆಗೊಂದು, ನಿಮಗೆ ನನಗೆ ಹೆಚ್ಚುಕಡಿಮೆ ಒಂದೇ. ಪ್ರಾಣಿ ಹೋದ ಮೇಲೂ ಆ ಬರಹ ಕೆಲವು ದಿನ ನೀರಿನಲ್ಲಿ ಉಳಿದಿರುತ್ತದೆ. ಬಾಟಲಿ ನೀರನ್ನು ತೆಳುವಾದ ಸೋಸುಹಾಳೆಯಲ್ಲಿ ಇಳಿಸಿ, ಅದರ ಮೇಲೆ ಉಳಿದದ್ದನ್ನು ತೊಳೆದು ಓದಿದರೆ ಅಲ್ಲಿಗೆ ಯಾರ್‍ಯಾರು ಬಂದಿದ್ದರು ಅಂತ ತಿಳಿಯುತ್ತದೆ. ಕಣ್ಣಿಂದ ನೋಡಬೇಕಾಗಿಲ್ಲ, ಕಾದು ಕೂರಬೇಕಾಗಿಲ್ಲ. ಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ಪ್ರತಿ ಸಲ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ಓದಿಗೆ ಹೊಳೆ ನೀರು ಹೇಗೂ ಬೇಕಿತ್ತು. ಬಾಣಾವರದ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನೀವು ಅಂದುಕೊಂಡರೆ, ಅಂದುಕೊಳ್ಳಿ.

ನಿಮ್ಮ ಮಗಳು
ಕೋಮಲ


ನಮ್ಮೂರು
27 ಅಕ್ಟೋಬರ್ 2024

ಕೋಮಲಳಿಗೆ ಬೋರಯ್ಯ ತಿಳಿಸುವುದು.

ಡಬ್ಬಿ ಬಂತು. ಹೇಳಿದಂತೆ ಮಾಡಿದ್ದೇನೆ. ಪೆನ್ನಿನ ಶಾಯಿ ಐಸ್ ನೀರಿಗೆ ಹರಡುತ್ತದೆ ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಜಾಗ, ಹೊತ್ತು ಬೇರೆ ಚೀಟಿಯಲ್ಲಿವೆ. ನಿನ್ನ ಕೈಗವಸು ನನ್ನ ಕೈಗೆ ಹಿಡಿಯಲಿಲ್ಲ, ಎರಡು ಹರಿದವು, ಮೂರನೆಯದನ್ನು ನಿಮ್ಮಮ್ಮ ಎಳೆದು ತೊಡಿಸಿದಳು.

ಬಾಣಾವರದ ವಿಷಯ ನೀನೇ ಎತ್ತಿದ್ದೀಯ, ನಾನು ಎತ್ತಿರಲಿಲ್ಲ. ಎತ್ತಿದ ಮೇಲೆ ಹೇಳುತ್ತೇನೆ. ಹೋದ ವರ್ಷ ಮಾಗಿಯಲ್ಲಿ, ಬೆಳಗ್ಗೆ ಕಾಲುವೆಯ ಬಾಗಿಲು ಎತ್ತಲು ಹೋದಾಗ ಮಡುವಿನ ಬಂಡೆಯ ಮೇಲೆ ನೀರುನಾಯಿ ನೋಡಿದೆ. ಒಂದಲ್ಲ, ಎರಡು. ಒಂದರ ಬಾಯಲ್ಲಿ ಗೆಂಡೆ ಮೀನಿತ್ತು. ನಾನು ಹುಡುಗನಾಗಿದ್ದಾಗ ನಮ್ಮಪ್ಪ ತೋರಿಸಿದ್ದ, ಆಮೇಲೆ ಈ ಹೊಳೆಯಲ್ಲಿ ಯಾರೂ ನೋಡಿದ್ದಿಲ್ಲ. ಖುಷಿಗೆ ಊರಿಗೆಲ್ಲ ಹೇಳಿಕೊಂಡು ಬಂದೆ, ಅದೇ ನನ್ನ ತಪ್ಪು. ಜೀಪಿನಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳು ಬಂದು ಮೂರು ದಿನ ಕೂತರು. ಏನೂ ಕಾಣಲಿಲ್ಲ. ಆಮೇಲೆ ಬಾಣಾವರದ ಬೀಗರೂಟದಲ್ಲಿ, ಪಂಕ್ತಿಯಲ್ಲಿ ನಲವತ್ತು ಜನ ಕೂತಿದ್ದಾಗ, ಯಾರೋ ಅದನ್ನು ಕೆದಕಿದರು. ಓದಿದ ಮಗಳು ಏನನ್ನುತ್ತಾಳೋ ಅಂತ ಎಲ್ಲರೂ ನಿನ್ನ ಕಡೆ ತಿರುಗಿದರು. ‘ಅಪ್ಪ ಮುಂಗುಸಿ ನೋಡಿರ್ತಾರೆ ಬಿಡಿ’ ಅಂದೆ. ನಕ್ಕರು. ನೀನೂ ನಕ್ಕೆ.

ನಾನು ನೀರಗಂಟಿ. ನಲವತ್ತು ವರ್ಷದಿಂದ ಈ ಕಾಲುವೆಯ ನೀರನ್ನು ಹಂಚುತ್ತಿದ್ದೇನೆ. ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದಕ್ಕೆ ನನ್ನ ಬಾಯಿಮಾತೇ ದಾಖಲೆ. ಈಗ ಕಾಲುವೆಯ ಕಡೇ ಭಾಗದ ರಂಗನಾಥ್, ಅವನ ಸರದಿ ಮುಗಿಯಿತು ಅಂದರೆ ಏನನ್ನುತ್ತಾನೆ ಗೊತ್ತೇ? ‘ನೀರ್‌ನಾಯಿ ಕಂಡಂಗೆ ನನ್ ಗದ್ದೆ ತುಂಬಿದ್ದೂ ಕಂಡ್ಯಾ ಬೋರಯ್ಯ?’ ಅವನ ಹಿಂದೆ ಇನ್ನೂ ನಾಲ್ಕು ಜನ ಮೊಬೈಲಿನಲ್ಲಿ ಹೊತ್ತು ನೋಡಿಕೊಂಡು ನಿಲ್ಲುತ್ತಾರೆ. ನನ್ನ ಮಾತಿಗೆ ಗಡಿಯಾರ ಹಿಡಿಯುವ ಕಾಲ ಬಂತು.

ಇನ್ನೊಂದು. ಆ ಆರನೆಯ ಬಾಟಲಿ ಯಾಕೆ ಕಳಿಸಿದ್ದೀಯ ಅಂತ ನನಗೆ ಗೊತ್ತಾಗದೆ ಇಲ್ಲ. ಮೈಸೂರಿನ ನೀರು ಮೈಸೂರಿಗೇ ವಾಪಸ್ ಬರುತ್ತದೋ, ಇಲ್ಲ ಈ ಮುದುಕ ಅದರಲ್ಲೂ ಏನಾದರೂ ಕಲೆಸಿ ಕಳಿಸುತ್ತಾನೋ ಅಂತ ಪರೀಕ್ಷೆ. ಬಿಚ್ಚಿ, ಅರವತ್ತು ಎಣಿಸಿ, ಮುಚ್ಚಿದ್ದೇನೆ. ನೋಡಿಕೋ.

ಬೋರಯ್ಯ


ಮೈಸೂರು
22 ನವೆಂಬರ್ 2024

ಅಪ್ಪನಿಗೆ ನಮಸ್ಕಾರ.

ಈ ಕಾಗದ ಬರೆಯಲು ನಾಲ್ಕು ದಿನದಿಂದ ಕೂತು ಏಳುತ್ತಿದ್ದೇನೆ. ಐದು ಬಾಟಲಿಗಳಲ್ಲೂ ಏನೂ ಸಿಗಲಿಲ್ಲ.

ನೀರುನಾಯಿಯ ಡಿಎನ್‌ಎ ಇದ್ದರೆ ಅದನ್ನು ಮಾತ್ರ ಹುಡುಕಿ ಅಂಟಿಕೊಳ್ಳುವ ಸಣ್ಣ ತುಣುಕುಗಳನ್ನು ಹಾಕಿ, ಪಿಸಿಆರ್ ಅನ್ನುವ ಯಂತ್ರದಲ್ಲಿ ಇಟ್ಟಿದ್ದೆ. ಆ ಯಂತ್ರ ನೀರನ್ನು ಕಾಯಿಸುತ್ತದೆ, ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. ತಣಿಸುತ್ತದೆ, ತುಣುಕು ಹೋಗಿ ಕೂರುತ್ತದೆ. ಮತ್ತೆ ಹದವಾಗಿ ಬೆಚ್ಚಗೆ ಮಾಡುತ್ತದೆ, ಒಂದೊಂದು ಎಳೆಗೂ ಜೊತೆ ಎಳೆ ಬೆಳೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಒಂದೇ ಒಂದು ಇದ್ದಿದ್ದರೂ ಕಾಣಬೇಕಿತ್ತು. ಕಾಣಲಿಲ್ಲ.

ಅದರರ್ಥ ನೀವು ನೋಡಲಿಲ್ಲ ಅಂತಲ್ಲ. ಈ ಐದು ಬಾಟಲಿಯಲ್ಲಿ ಸಿಗಲಿಲ್ಲ ಅಂತ ಅಷ್ಟೇ. ಚಳಿಗೆ ಕೆಮ್ಮು ಹೆಚ್ಚಾಗಿದ್ದರೆ ಬೇಲೂರಿಗೆ ಹೋಗಿ ತೋರಿಸಿ.

ಕೋಮಲ


ನಮ್ಮೂರು
30 ನವೆಂಬರ್ 2024

ಕೋಮಲಳಿಗೆ.

ತಿಳಿಯಿತು. ಕಾಗದದ ಜೊತೆ ನೀನು ಕಳಿಸಿದ್ದ ಖಾಲಿ ಡಬ್ಬಿ ವಾಪಸ್ ಕಳಿಸಿದ್ದೇನೆ, ನಮಗೆ ಅದರಿಂದ ಕೆಲಸವಿಲ್ಲ. ಅಮ್ಮ ಹುರುಳಿ ಹಪ್ಪಳ ಇಟ್ಟಿದ್ದಾಳೆ. ಕೆಮ್ಮು ಇದೆ.

ಬೋರಯ್ಯ


ಮೈಸೂರು
16 ಡಿಸೆಂಬರ್ 2024

ಅಪ್ಪ,

ಈ ಕಾಗದವನ್ನು ಓದದೆ ಒಲೆಗೆ ಹಾಕಬೇಡಿ. ನಾನು ಒಂದು ದೊಡ್ಡ ದಡ್ಡತನ ಮಾಡಿದ್ದೇನೆ.

ನನಗೆ ಕೆಲಸ ಕಲಿಸುವ ಮೀನಾಕ್ಷಿ ಮೇಡಂ ನನ್ನ ಪುಸ್ತಕ ನೋಡುತ್ತಾ, ಪ್ರತಿ ಬಾಟಲಿಯ ನೀರಿಗೂ ನಾವೇ ಬೆರೆಸುವ ಗುರುತಿನ ಡಿಎನ್‌ಎ ಏನಾಯಿತು ಅಂತ ಕೇಳಿದರು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ನಾವೇ ಬೇಕೆಂದೇ ಒಂದು ಡಿಎನ್‌ಎ ಹಾಕಿರುತ್ತೇವೆ. ಅದು ಬೆಳೆಯಲೇಬೇಕು. ನಿಮ್ಮ ಐದು ಬಾಟಲಿಯಲ್ಲೂ ಅದು ಬೆಳೆದಿರಲಿಲ್ಲ. ಆರನೆಯದರಲ್ಲಿ ಮಾತ್ರ ಚೆನ್ನಾಗಿ ಬೆಳೆದಿತ್ತು. ಫಲಿತಾಂಶದಲ್ಲಿ ನೀರುನಾಯಿಯ ಗೆರೆ ಇಲ್ಲ ಅಂತ ನೋಡಿದವಳು, ಪಕ್ಕದಲ್ಲಿ ಇರಬೇಕಾದ ಈ ಗುರುತಿನ ಗೆರೆಯೂ ಇಲ್ಲದ್ದನ್ನು ನೋಡಲೇ ಇಲ್ಲ. ಮನಸ್ಸಿನಲ್ಲಿ ‘ಇರಲಾರದು’ ಅಂತ ಮೊದಲೇ ಕೂತಿತ್ತು, ಇಲ್ಲ ಅಂತ ಬಂದ ಕೂಡಲೇ ಒಪ್ಪಿಕೊಂಡುಬಿಟ್ಟೆ.

ಅಂದರೆ ಯಂತ್ರ ಸರಿಯಿತ್ತು. ಐದು ಬಾಟಲಿಯ ನೀರಿನಲ್ಲಿ ಮಾತ್ರ ಆ ಕೆಲಸವನ್ನೇ ತಡೆಯುವಂಥದ್ದು ಏನೋ ಇತ್ತು. ಫ್ರಿಜ್ಜಿನಲ್ಲಿಟ್ಟಿದ್ದ ಸೋಸುಹಾಳೆ ತೆಗೆದು ನೋಡಿದೆ. ಹಳದಿಯಾಗಿತ್ತು, ಮಳೆಗಾಲದ ಮಣ್ಣಿನ ಬಣ್ಣ ಅಂದುಕೊಂಡಿದ್ದೆ. ಮೂಸಿ ನೋಡಿದರೆ ನಮ್ಮ ಅಡುಗೆಮನೆ ನೆನಪಾಯಿತು. ಅಪ್ಪ, ನೀವು ಬಾಟಲಿಗೆ ಅರಿಶಿನ ಹಾಕಿದಿರಾ?

ಆರನೆಯ ಬಾಟಲಿಯ ಬಗ್ಗೆ ನೀವು ಬರೆದದ್ದಕ್ಕೆ ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಆ ಬಾಟಲಿ ನಿಮ್ಮ ಮೇಲಿನ ಅನುಮಾನಕ್ಕಲ್ಲ, ನನ್ನ ಮೇಲಿನ ಅನುಮಾನಕ್ಕೆ. ನನ್ನ ಕೈಯಿಂದ, ನನ್ನ ಲ್ಯಾಬಿನ ಗಾಳಿಯಿಂದ, ನಾನು ಹಿಂದೆ ಮಾಡಿದ ಯಾವುದೋ ಪ್ರಯೋಗದಿಂದ ನೀರುನಾಯಿಯ ಡಿಎನ್‌ಎ ಬಂದು ಸೇರಿದರೆ, ಏನೂ ಇರಬಾರದ ಆ ನೀರಿನಲ್ಲೂ ಅದು ಕಾಣುತ್ತದೆ. ಆಗ ನನ್ನ ಫಲಿತಾಂಶ ಸುಳ್ಳು ಅಂತ ನನಗೇ ಗೊತ್ತಾಗುತ್ತದೆ. ನಮ್ಮ ವಿದ್ಯೆಯಲ್ಲಿ ಮೊದಲ ಪಾಠ ಅದು, ಬೇರೆಯವರಿಗಿಂತ ಮುಂಚೆ ನಿನ್ನನ್ನು ಅನುಮಾನಿಸು ಅಂತ. ದಿನಾ ಬೆಳಗ್ಗೆ ಬಿಳಿ ಕೋಟು ಹಾಕಿಕೊಂಡು ಅದನ್ನೇ ಮಾಡುತ್ತೇನೆ. ಬಾಣಾವರದ ಪಂಕ್ತಿಯಲ್ಲಿ ಕೂತಾಗ ಮಾತ್ರ ನನಗೆ ನನ್ನ ಮೇಲೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಆ ಹೊಳೆಯನ್ನು ದಿನವೂ ನೋಡುವವರು ನೀವು, ವರ್ಷಕ್ಕೆರಡು ಸಲ ಬಂದು ಹೋಗುವವಳು ನಾನು. ನನ್ನದು ತಪ್ಪಾಯಿತು ಅಪ್ಪ. ನಗು ಬಂದಿದ್ದಕ್ಕೆ ನಕ್ಕವಳಲ್ಲ ನಾನು, ಓದಿದವಳು ಅಂತ ತೋರಿಸಿಕೊಳ್ಳಲು ನಕ್ಕೆ. ಅದು ಇನ್ನೂ ಕೆಟ್ಟದ್ದು ಅಂತ ನನಗೆ ಗೊತ್ತು.

ಹೊಸ ಡಬ್ಬಿ ಕಳಿಸಿದ್ದೇನೆ. ಇಷ್ಟವಿದ್ದರೆ ಮಾತ್ರ ತುಂಬಿ.

ಕೋಮಲ


ನಮ್ಮೂರು
5 ಜನವರಿ 2025

ಮಗಳು ಕೋಮಲಳಿಗೆ ಅಪ್ಪನ ಆಶೀರ್ವಾದ.

ಅರಿಶಿನ ಹಾಕಿದ್ದು ನಿಜ. ಗಂಗಮ್ಮನ ಮೈಯಿಂದ ಒಂದು ಕೆಲಸಕ್ಕೆ ಅಂತ ನೀರು ತೆಗೆಯುವಾಗ ಬರಿಗೈಲಿ ಹೋಗಿ ಮೊಗೆದುಕೊಂಡು ಬರುವುದುಂಟೇನವ್ವ? ವರ್ಷಾ ವರ್ಷ ಕಾಲುವೆಗೆ ನೀರು ಬಿಡುವ ಮೊದಲು ಪೂಜೆ ಮಾಡುವವನು ನಾನೇ ಅಲ್ಲವೆ. ಐದೂ ಬಾಟಲಿಯ ಕುತ್ತಿಗೆಗೆ ಅರಿಶಿನ ಕುಂಕುಮ ಇಟ್ಟು, ಕಳಶಕ್ಕೆ ಹಾಕುವ ಹಾಗೆ ಒಳಗೂ ಒಂದೊಂದು ಚಿಟಿಕೆ ಹಾಕಿ, ಕೈಮುಗಿದು ಆಮೇಲೆ ತುಂಬಿದೆ. ಹೊರಗಿನದನ್ನು ಐಸ್ ನೀರು ತೊಳೆದಿರಬೇಕು. ಆರನೆಯದಕ್ಕೆ ಇಡಲಿಲ್ಲ. ಅದು ಎಲ್ಲಿಯ ನೀರೋ, ಯಾವ ನಲ್ಲಿಯದೋ, ಅದಕ್ಕೆಂಥ ಪೂಜೆ ಅಂತ ಬಿಟ್ಟಿದ್ದೆ. ಸಿಟ್ಟೂ ಇತ್ತು.

ನಿನ್ನ ಕಾಗದ ಓದಿ ನಿಮ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನೀವೇ ಹುಡ್ಕಿಸಿ ನೀವೇ ಮುಚ್ಚಿಟ್ರಿ’ ಅಂದಳು. ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ.

ತಪ್ಪಾಯಿತು ಅಂತ ಬರೆದಿದ್ದೀಯ. ಅದನ್ನು ಮೂರು ಸಲ ಓದಿದೆ. ಮನಸ್ಸು ಹಗುರಾಯಿತು ಅಂತ ಮಾತ್ರ ತಿಳಿದುಕೋ.

ಈ ಸಲ ಮೊದಲು ನೀರು ತೆಗೆದೆ. ಬಾಟಲಿಗಳನ್ನೆಲ್ಲ ಮುಚ್ಚಿ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ದೂರದ ಹುಣಸೆಮರದ ಕೆಳಗೆ ಇಟ್ಟು ಬಂದು, ಕೈಗವಸು ತೆಗೆದು, ಮಡುವಿನ ಕೆಳಗಡೆಗೆ ಇಳಿದು ಅಲ್ಲಿ ಪೂಜೆ ಮಾಡಿದೆ. ಗಂಗಮ್ಮ ಒಪ್ಪಿಕೊಂಡಿರುತ್ತಾಳೆ, ಹಿಂದುಮುಂದಾದರೆ ಕೋಪಿಸಿಕೊಳ್ಳುವವಳಲ್ಲ.

ಆರನೆಯ ಬಾಟಲಿಯ ಮುಚ್ಚಳ ತೆಗೆದು ಅರವತ್ತು ಎಣಿಸುವಾಗ ಏನೇನೋ ಯೋಚನೆ ಬಂತು. ಈ ಹೊಳೆಯಲ್ಲಿ ನಮ್ಮಪ್ಪ ಎಮ್ಮೆ ತೊಳೆದ, ನಾನು ಈಜು ಕಲಿತೆ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿದೆ. ಬಂದವರೆಲ್ಲ ತಮ್ಮದೊಂದು ಪುಡಿ ಬಿಟ್ಟು ಹೋದರು ಅನ್ನುತ್ತೀಯ. ನಲವತ್ತು ವರ್ಷ ಈ ನೀರನ್ನು ಅಳೆದು ಕೊಟ್ಟವನಿಗೆ ಅದರೊಳಗೆ ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ. ಕಾಲು ಇಡಲು ಹೆದರಿಕೆಯಾಯಿತು.

ಅಪ್ಪ
ಬೋರಯ್ಯ


ಮೈಸೂರು
12 ಫೆಬ್ರವರಿ 2025

ಅಪ್ಪ,

ಇದೆ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಮೊನ್ನೆ ಮಧ್ಯಾಹ್ನ ಯಂತ್ರದಿಂದ ತೆಗೆದದ್ದನ್ನು ಜೆಲ್ಲಿನಲ್ಲಿ ಓಡಿಸಿದೆ. ಅಕ್ಕಿ ಗಂಜಿ ಹೆಪ್ಪುಗಟ್ಟಿದ ಹಾಗಿರುತ್ತದೆ ಅದು. ಅದರೊಳಗೆ ಕರೆಂಟು ಹಾಯಿಸಿದರೆ ಡಿಎನ್‌ಎ ತುಂಡುಗಳು ಉದ್ದಕ್ಕೆ ತಕ್ಕಂತೆ ಸರಿದು ನಿಲ್ಲುತ್ತವೆ. ದೀಪದ ಕೆಳಗೆ ಇಟ್ಟು ನೋಡಿದೆ. ಒಂದು, ಎರಡು, ನಾಲ್ಕನೆಯ ಬಾಟಲಿಗಳಿಗೆ ಎಲ್ಲಿ ಇರಬೇಕೋ ಅಲ್ಲೇ ಒಂದೊಂದು ಹೊಳೆಯುವ ಗೆರೆ. ಮೂರಕ್ಕೆ, ಐದಕ್ಕೆ ಇಲ್ಲ. ಆರಕ್ಕೆ ಇಲ್ಲ. ನಮ್ಮ ಗುರುತಿನ ಡಿಎನ್‌ಎ ಆರರಲ್ಲೂ ಬೆಳೆದಿದೆ. ಆರನೆಯದರ ಖಾಲಿ ಜಾಗವನ್ನು ಎಷ್ಟು ಹೊತ್ತು ನೋಡಿದೆನೋ. ಅಲ್ಲಿ ಏನೂ ಇಲ್ಲದ್ದರಿಂದಲೇ ಉಳಿದದ್ದನ್ನು ನಂಬಬಹುದು.

ಅಷ್ಟಕ್ಕೇ ನಿಲ್ಲಿಸದೆ ಆ ಮೂರು ಗೆರೆಗಳನ್ನು ಕತ್ತರಿಸಿ, ಅಕ್ಷರ ಅಕ್ಷರ ಓದಲು ಕಳಿಸಿದೆ. ಇವತ್ತು ಬಂತು. ಜಗತ್ತಿನ ಪ್ರಾಣಿಗಳ ಅಕ್ಷರಗಳನ್ನೆಲ್ಲ ಕೂಡಿಟ್ಟ ಕಡೆ ಹಾಕಿ ಹುಡುಕಿದೆ. ನೀರುನಾಯಿ. ಮೂರಕ್ಕೆ ಮೂರೂ. ಅಪ್ಪ, ನನ್ನ ಮೇಜಿನ ಮೇಲೆ ಕಣ್ಣಿಗೆ ಕಾಣದಷ್ಟು ನೀರಿದೆ, ಅದರಲ್ಲಿ ನೀವು ಅವತ್ತು ನೋಡಿದ್ದು ಇದೆ. ನಾನು ಅತ್ತುಬಿಟ್ಟೆ.

ಅದೇ ನೀರಿನಲ್ಲಿ ಬೇರೆ ಯಾರಿದ್ದಾರೆ ಅಂತಲೂ ನೋಡಿದೆವು. ಹಸು, ಎಮ್ಮೆ, ನಾಯಿ, ಗೆಂಡೆ, ಹಾವುಮೀನು, ಮೂರು ಬಗೆಯ ಕಪ್ಪೆ, ಮಿಂಚುಳ್ಳಿ, ನೀರುಕಾಗೆ. ಹೆಸರು ಒಂದೊಂದಾಗಿ ತೆರೆಯ ಮೇಲೆ ಬರುತ್ತಿದ್ದಾಗ ಲ್ಯಾಬಿನವರೆಲ್ಲ ಬಂದು ನನ್ನ ಹಿಂದೆ ನಿಂತರು. ನಮ್ಮ ಹೊಳೆ ತನ್ನವರನ್ನೆಲ್ಲ ಹೆಸರು ಹಿಡಿದು ಹೇಳುತ್ತಿತ್ತು. ಒಂದು ಮಾತ್ರ ಇದರಿಂದ ತಿಳಿಯುವುದಿಲ್ಲ, ನೀರುನಾಯಿ ಎಷ್ಟಿವೆ, ಗಂಡೋ ಹೆಣ್ಣೋ ಅಂತ.

ಮೀನಾಕ್ಷಿ ಮೇಡಂ ಇದನ್ನು ಪ್ರಕಟಿಸಬೇಕು ಅಂದಿದ್ದಾರೆ. ಪತ್ರಿಕೆಯವರಿಗೂ ತಿಳಿಸೋಣ, ನಿಮ್ಮ ಹೆಸರು, ಊರಿನ ಹೆಸರು ಎಲ್ಲ ಹಾಕೋಣ ಅಂತ ನಾನೇ ಹೇಳಿದೆ. ಆ ಪೇಪರು ಹಿಡಿದುಕೊಂಡು ಊರಿಗೆ ಬಂದು ರಂಗನಾಥ್ ಮಾಮನ ಮುಂದೆ ನಾನೇ ಗಟ್ಟಿಯಾಗಿ ಓದುತ್ತೇನೆ. ಬಾಣಾವರಕ್ಕೂ ಹೋಗಿ ಓದುತ್ತೇನೆ. ನಲವತ್ತು ಜನರ ಮುಂದೆ ತೆಗೆದ ಮಾನವನ್ನು ನಲವತ್ತು ಜನರ ಮುಂದೆಯೇ ವಾಪಸ್ ಕೊಡಬೇಕು.

ನಿಮ್ಮ
ಕೋಮಲ


ನಮ್ಮೂರು
2 ಮಾರ್ಚ್ 2025

ಮಗಳೇ,

ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಎಂಟು ದಿನ ಓಡಾಡಿದೆ. ಬಾಗಿಲು ಎತ್ತುವಾಗೊಮ್ಮೆ, ಇಳಿಸುವಾಗೊಮ್ಮೆ ಮುಟ್ಟಿ ನೋಡಿಕೊಂಡೆ. ನಾನು ನೋಡಿದ್ದು ನನಗೆ ಗೊತ್ತಿತ್ತು, ಆದರೂ ಇಷ್ಟು ಜನ ಇಲ್ಲ ಅಂದಮೇಲೆ ಒಂದೊಂದು ದಿನ ನನಗೇ ಸಂದೇಹ ಬರುತ್ತಿತ್ತು. ಅದನ್ನು ನಿಮ್ಮಮ್ಮನಿಗೂ ಹೇಳಿರಲಿಲ್ಲ.

ನಿನ್ನ ಯಂತ್ರ ಎಷ್ಟು ಅಂತ ಹೇಳುವುದಿಲ್ಲ ಅಂದೆಯಲ್ಲ, ನಾನು ಹೇಳುತ್ತೇನೆ. ಐದು. ಹೋದ ವಾರ ನೋಡಿದೆ. ದೊಡ್ಡವು ಎರಡು, ಮರಿ ಮೂರು. ತಾಯಿ ಒಂದು ಮರಿಯ ಕುತ್ತಿಗೆ ಕಚ್ಚಿ ನೀರಿಗೆ ಇಳಿಸುತ್ತಿತ್ತು. ಅದಕ್ಕೆ ಇಷ್ಟವಿರಲಿಲ್ಲ, ದಡ ಹತ್ತಿ ಹತ್ತಿ ಬರುತ್ತಿತ್ತು. ನಾನು ಹುಣಸೆಮರದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎತ್ತಿದರೆ ಓಡಿಹೋಗುತ್ತವಲ್ಲ ಅಂತ ಹಾಗೇ ಬಿಟ್ಟೆ.

ಅವತ್ತಿನಿಂದ ಯೋಚನೆ ಶುರುವಾಯಿತು. ಹಿಂದೆ ನಾನು ಬಾಯಿ ಬಿಟ್ಟಾಗ ಜೀಪು ಬಂತು, ಜೀಪಿನ ಹಿಂದೆ ಮೊಬೈಲು ಹಿಡಿದ ಹುಡುಗರು ಬಂದರು, ಅವರ ಹಿಂದೆ ಯಾರೋ ಇಬ್ಬರು ಬಂದು ಚರ್ಮಕ್ಕೆ ಎಷ್ಟು ಬರುತ್ತದೆ ಅಂತ ಚಹಾ ಅಂಗಡಿಯಲ್ಲಿ ವಿಚಾರಿಸಿದರು. ನಾಲ್ಕು ತಿಂಗಳು ಅವು ಈ ಕಡೆ ತಲೆ ಹಾಕಲಿಲ್ಲ. ಆಗ ಎರಡೇ ಇದ್ದವು, ಹೇಗೋ ಉಳಿದುಕೊಂಡವು. ಈಗ ಮರಿಗಳಿವೆ.

ಅದಕ್ಕೇ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಲೇಖನ ಬರೆ, ಮೇಡಂಗೂ ಹೇಳು. ಹಾಸನ ಜಿಲ್ಲೆಯ ಒಂದು ಹೊಳೆ ಅಂತ ಹಾಕಿ, ಅಷ್ಟು ಸಾಕು. ಹೊಳೆಯ ಹೆಸರು ಬೇಡ, ಊರಿನ ಹೆಸರು ಬೇಡ, ನನ್ನ ಹೆಸರು ಬೇಡವೇ ಬೇಡ. ನನ್ನ ಹೆಸರು ಸಿಕ್ಕಿದರೆ ಮಡು ಸಿಕ್ಕಿದ ಹಾಗೆ. ಬಾಣಾವರಕ್ಕೆ ಹೋಗಿ ಏನೂ ಓದಬೇಡ.

ಇಷ್ಟು ಬರೆದು ನಿನ್ನೆ ಮುಚ್ಚಿಟ್ಟಿದ್ದೆ. ಇವತ್ತು ಬೇಸಿಗೆ ಭತ್ತಕ್ಕೆ ನೀರಿನ ಸರದಿ ಗೊತ್ತುಮಾಡಲು ಶಾಲೆಯ ಮುಂದೆ ಎಲ್ಲರೂ ಸೇರಿದ್ದೆವು. ರಂಗನಾಥ್ ಎದ್ದು ನಿಂತು ಎಲ್ಲರ ಮುಂದೆ ಕೇಳಿದ, ‘ನಿನ್ ಮಗ್ಳು ಹೊಳೆ ನೀರು ಪರೀಕ್ಷೆ ಮಾಡ್ಸಿದ್ಳಂತಲ್ಲ ಬೋರಯ್ಯ, ಏನ್ ಸಿಕ್ತಂತೆ?’

ನಿನ್ನ ಕಾಗದ ಜೇಬಿನಲ್ಲೇ ಇತ್ತು. ತೆಗೆದು ಕೊಟ್ಟಿದ್ದರೆ ಅವನಿಗೆ ಓದಲು ಬರುತ್ತದೆ. ಒಂದು ಗಳಿಗೆ ಕೈ ಅಲ್ಲಿಗೆ ಹೋಯಿತು, ಸುಳ್ಳು ಹೇಳುವುದಿಲ್ಲ.

‘ಏನೂ ಸಿಗ್ನಿಲ್ವಂತೆ ಕಣಪ್ಪ. ನಂಗೇ ಕಣ್ಣು ಮಂಜಾಗೈತೆ’ ಅಂದೆ.

ಯಾರೂ ನಗಲಿಲ್ಲ. ರಂಗನಾಥ್ ಬಂದು ನನ್ನ ಪಕ್ಕದಲ್ಲಿ ಕೂತ. ವಯಸ್ಸಾದ ಮೇಲೆ ಯಾರಿಗಾದರೂ ಆಗುವುದೇ, ಒಪ್ಪಿಕೊಂಡೆಯಲ್ಲ ಅದು ದೊಡ್ಡದು ಅಂದ. ಆಮೇಲೆ ಸರದಿ ಹೇಳಿದೆ. ಯಾರೂ ಮೊಬೈಲು ತೆಗೆಯಲಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಒಪ್ಪಿಕೊಂಡು ಎದ್ದು ಹೋದರು.

ನಲವತ್ತು ವರ್ಷದಲ್ಲಿ ಊರ ಮುಂದೆ ನಾನು ಹೇಳಿದ ಮೊದಲ ಸುಳ್ಳು ಅದು ಕಣವ್ವ. ಒಂದೇ ಮಾತಿಗೆ ನಂಬಿದರು.

ನಿನ್ನ ಅಪ್ಪ
ಬೋರಯ್ಯ